ಹಿತ್ತಲ ಗೋಡೆಯ ಮಾತು

ವಾಡಿಗೆ ಬಂದು ಗುರುಲಿಂಗಯ್ಯನ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಆ ಹೆಸರಿನವರು ಓಣಿಗೊಬ್ಬರಿದ್ದಾರೆ. ಡಬಲ್ ಡ್ಯೂಟಿ ಗುರುಲಿಂಗಯ್ಯ ಎಂದು ಕೇಳಿ ನೋಡಿ, ಸ್ಟೇಷನ್ ಮುಂದಿನ ಚಹಾದಂಗಡಿಯವನೇ ಎದ್ದು ಬಂದು ದಾರಿ ತೋರಿಸುತ್ತಾನೆ. ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಕಿಲನ್ ಮುಂದೆ ನಿಂತ ಮನುಷ್ಯ ಅವನು. ಕಿಲನ್ ಎಂದರೆ ಮಲಗಿಸಿಟ್ಟ ಭಾರಿ ಕೊಳವೆಯಂಥ ಒಲೆ. ಒಳಗೆ ಸುಣ್ಣದ ಕಲ್ಲು ಬೇಯುತ್ತಿರುತ್ತದೆ, ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಅದರ ಬಾಯಿಗೆ ನೀಲಿ ಗಾಜು ಹಿಡಿದು ಬೆಂಕಿಯ ಬಣ್ಣ ನೋಡಿ, ಕಲ್ಲಿದ್ದಲು ಹೆಚ್ಚು ಮಾಡಿ, ಕಡಿಮೆ ಮಾಡಿ ಎಂದು ಹೇಳುವುದು ಗುರುಲಿಂಗಯ್ಯನ ಕೆಲಸ. ಮುಂದೆ ಕಂಪ್ಯೂಟರ್ ಬಂತು, ತಂಪು ಕೋಣೆ ಬಂತು, ಕುರ್ಚಿ ಬಂತು. ಆದರೂ ದಿನಕ್ಕೆ ನಾಲ್ಕು ಸಲ ಹೋಗಿ ಗಾಜು ಹಿಡಿದು ನೋಡದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಅವನ ಪಾಳಿ ಎಂಟು ತಾಸಿನದು. ಆದರೆ ಮುಂದಿನ ಪಾಳಿಯವನು ಬರದಿದ್ದರೆ ಕಿಲನ್ ಬಿಟ್ಟು ಹೋಗುವಂತಿಲ್ಲ. ಹಬ್ಬಕ್ಕೆ ಊರಿಗೆ ಹೋದವನು, ಹೆಂಡತಿಯನ್ನು ಹೆರಿಗೆಗೆ ಕರೆದೊಯ್ದವನು, ಸುಮ್ಮನೆ ಕುಡಿದು ಮಲಗಿದವನು, ಎಲ್ಲರ ಪಾಳಿಯೂ ಕೊನೆಗೆ ಗುರುಲಿಂಗಯ್ಯನ ತಲೆಗೇ ಬರುತ್ತಿತ್ತು. ಬೇಡ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಒಂದೊಂದು ತಿಂಗಳು ಹದಿನಾರು ತಾಸಿನ ದಿನಗಳೇ ಹೆಚ್ಚು. ಊರಲ್ಲಿ ಅವನ ಹೆಸರಿಗೆ ಬಾಲ ಅಂಟಿದ್ದು ಹೀಗೆ. ಅದನ್ನು ಅವನು ಬಿರುದಿನಂತೆ ಹೊತ್ತುಕೊಂಡು ತಿರುಗಿದ.

ಮನೆಗೆ ಬಂದರೆ ಅವನಿಗೆ ಬೇಕಾಗಿದ್ದು ಒಂದೇ, ನಿದ್ದೆ. ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಮದುವೆಯಾದ ಹೊಸತರಲ್ಲಿ ಒಮ್ಮೆ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲೆಲ್ಲ ನಿದ್ದೆ ಹತ್ತಲಿಲ್ಲ. ಮನೆಯಲ್ಲಿ ನೆಂಟರಿದ್ದರು, ಪಾತ್ರೆ ಪಡಗ, ನಗು, ಹಾಡು. ಅದೇ ಕೆಂಪುಗಣ್ಣಲ್ಲಿ ಮತ್ತೆ ಡ್ಯೂಟಿಗೆ ಹೋಗಿ ನಿಂತಲ್ಲೇ ತೂಕಡಿಸಿದ. ಒಂದು ಗಳಿಗೆ ಅಷ್ಟೇ, ಕಿಲನ್ ಬಾಯಿಯಿಂದ ಬೆಂಕಿ ಹೊರಗೆ ಚಿಮ್ಮಿತು. ಜೊತೆಯಲ್ಲಿದ್ದ ಹಣಮಪ್ಪನ ಕೈ ಮೊಣಕೈ ತನಕ ಸುಟ್ಟಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಆ ಕೈ ಮುಂದೆಂದೂ ಪೂರ್ತಿ ಮಡಚಲಿಲ್ಲ. ಮರುದಿನ ಗುರುಲಿಂಗಯ್ಯ ಹತ್ತೊಂಬತ್ತರ ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ.

“ಚಂದಮ್ಮ, ನಾ ಮಲ್ಕೊಂಡಾಗ ಏನರ ಆಗಲಿ, ನನ್ನ ಎಬ್ಬಿಸಬ್ಯಾಡ. ನನ್ನ ನಿದ್ದಿ ಕೆಟ್ರ ಮಂದಿ ಜೀವ ಹೋಗ್ತದ.”

ಹೇಳಿದ್ದು ಒಂದೇ ಸಲ. ಹೇಳಿದವನು ಮರೆತ. ಕೇಳಿದವಳು ಮರೆಯಲಿಲ್ಲ.

ಆವತ್ತಿನಿಂದ ಆ ಮನೆ ಸದ್ದು ಮಾಡುವುದನ್ನು ಬಿಟ್ಟಿತು. ಚಂದಮ್ಮ ಕಾಲಿನ ಚೈನು ಬಿಚ್ಚಿಟ್ಟಳು. ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟಳು. ಪೂಜೆಯ ಗಂಟೆಯ ನಾಲಿಗೆಗೆ ಹಳೇ ಧೋತರದ ಚಿಂದಿ ಸುತ್ತಿದಳು. ಕುಕ್ಕರ್ ತಂದಾಗ ಅದರ ಸೀಟಿ ತೆಗೆದಿಟ್ಟು ಬೇಳೆಯನ್ನು ಬೋಗುಣಿಯಲ್ಲೇ ಬೇಯಿಸಿದಳು. ಮಗಳು ರಾಜೇಶ್ವರಿ ಹುಟ್ಟಿದ ಮೇಲೆ ಆ ಕೂಸೂ ಮೆಲ್ಲಗೆ ಅಳುವುದನ್ನು ಕಲಿಯಿತು ಎಂದರೆ ನಂಬುವುದು ಕಷ್ಟ, ಆದರೆ ಓಣಿಯವರು ಹಾಗೇ ಹೇಳುತ್ತಾರೆ. ಇನ್ನು ಉಳಿದದ್ದು ರೊಟ್ಟಿ. ಜೋಳದ ರೊಟ್ಟಿಯನ್ನು ಸದ್ದಿಲ್ಲದೆ ತಟ್ಟುವ ಹೆಂಗಸು ಈ ಕಡೆ ಹುಟ್ಟಿಲ್ಲ. ಅದಕ್ಕೆ ಚಂದಮ್ಮ ಒಲೆಯನ್ನೇ ಎತ್ತಿ ಹಿತ್ತಲ ಕೊನೆಗೆ, ಪಕ್ಕದ ಮನೆಯ ಬಿಬಿಜಾನಳ ಗೋಡೆಯ ಬುಡಕ್ಕೆ ಒಯ್ದಳು. ಗೋಡೆಯ ಆಚೆ ಬಿಬಿಜಾನಳ ಒಲೆ, ಈಚೆ ಇವಳದು. ನಡುವೆ ಶಹಾಬಾದಿ ಕಲ್ಲನ್ನು ಒಂದರ ಮೇಲೊಂದು ಹೇರಿ ಕಟ್ಟಿದ ಗೋಡೆ. ನಿಂತರೆ ತಲೆ ಕಾಣುತ್ತದೆ, ಕುಳಿತರೆ ಏನೂ ಕಾಣುವುದಿಲ್ಲ, ಮಾತಷ್ಟೇ ಕೇಳುತ್ತದೆ.

ಗುರುಲಿಂಗಯ್ಯನಿಗೆ ಇದೊಂದೂ ಗೊತ್ತಿರಲಿಲ್ಲ. ಒಲೆ ಹಿತ್ತಲಿಗೆ ಹೋದದ್ದು ಹೊಗೆಯ ಸಲುವಾಗಿ ಎಂದೇ ತಿಳಿದಿದ್ದ. ಗೊತ್ತಾಗಲು ಅವನು ಮನೆಯಲ್ಲಿ ಎಚ್ಚರವಿದ್ದುದಾದರೂ ಯಾವಾಗ?

ಹೋದ ವರ್ಷ ಅವನು ನಿವೃತ್ತನಾದ. ಶಾಲು ಹೊದಿಸಿದರು, ಹಾರ ಹಾಕಿದರು, ತಾಸಿಗೊಮ್ಮೆ ಢಣಢಣ ಬಾರಿಸುವ ದೊಡ್ಡ ಗೋಡೆ ಗಡಿಯಾರ ಕೊಟ್ಟರು. ಹಣಮಪ್ಪ ಮಡಚಲಾಗದ ಕೈಯಲ್ಲೇ ಅವನನ್ನು ತಬ್ಬಿಕೊಂಡು ಹೇಳಿದ. “ಇನ್ನ ಮನ್ಯಾಗ ಆರಾಮ ಕುಂದ್ರು. ಚಂದಮ್ಮನ ಕೂಡ ನಾಕು ಮಾತಾಡು. ಪಾಪ, ಆಕೀದು ಅರ್ಧ ಆಯುಷ್ಯ ನಿನ್ನ ಬುತ್ತಿ ಕಟ್ಟೋದ್ರಾಗೇ ಹೋತು.”

ಅದೇ ಗುರುಲಿಂಗಯ್ಯನ ಮನಸ್ಸಿನಲ್ಲೂ ಇತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಮುಂಜಾನೆ ಎದ್ದು ಇಬ್ಬರೂ ಕೂಡಿ ಚಹಾ ಕುಡಿಯುವುದು. ರೊಟ್ಟಿ ಬಿಸಿಯಿದ್ದಾಗಲೇ ಉಣ್ಣುವುದು. ಅವಳು ಮಾತಾಡುವುದು, ತಾನು ಕೇಳುವುದು. ಮೂವತ್ತಾರು ವರ್ಷ ಕಿಲನ್ ಫ್ಯಾನಿನ ಗದ್ದಲದಲ್ಲಿ ಒದರಿ ಒದರಿ ಅವನ ಗಂಟಲು ಒರಟಾಗಿತ್ತು. ಹೇಳುವ ಆಸೆ ಅವನಿಗೆ ಉಳಿದಿರಲಿಲ್ಲ. ಕೇಳಬೇಕಿತ್ತು.

ಗಡಿಯಾರವನ್ನು ತಾನೇ ಮೊಳೆ ಹೊಡೆದು ತೂಗುಹಾಕಿದ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದಾಗ ಅದು ನಿಂತಿತ್ತು. ತೆರೆದು ನೋಡಿದರೆ ಸೆಲ್ ಇಲ್ಲ.

“ಸೆಲ್ ಎಲ್ಲಿ ಹೋತು?”

ಚಂದಮ್ಮ ಬೆರಳಿನಿಂದ ಕಪಾಟು ತೋರಿಸಿದಳು. ಆಮೇಲೆ ತಾನೇ ಗಾಬರಿಯಾಗಿ, ಪಿಸುಗುಟ್ಟುವ ದನಿಯಲ್ಲಿ ಹೇಳಿದಳು. “ನೀವು ಮಲ್ಕೊಂಡಿದ್ರಿ. ಬಾರಿಸ್ತದ ಅಂತ ತಗದೆ.”

“ಇನ್ನ ನನಗ ಡ್ಯೂಟಿ ಎಲ್ಲದ? ಬಾರಿಸಿದ್ರ ಬಾರಿಸಲಿ ಬಿಡು.”

“ಹೂಂರಿ” ಎಂದಳು. ಮರುದಿನ ಮಧ್ಯಾಹ್ನ ಮತ್ತೆ ಸೆಲ್ ಕಪಾಟಿನಲ್ಲಿತ್ತು. ಬೇಕೆಂದು ಮಾಡಿದ್ದಲ್ಲ. ಅವನ ಕಣ್ಣು ಮುಚ್ಚಿದರೆ ಸಾಕು, ಅವಳ ಕೈ ತಾನಾಗಿ ಹೋಗಿ ಮನೆಯ ಸದ್ದುಗಳನ್ನೆಲ್ಲ ಆರಿಸಿಬರುತ್ತಿತ್ತು. ಗುರುಲಿಂಗಯ್ಯ ಪೂಜೆಯ ಗಂಟೆಯ ಚಿಂದಿ ಬಿಚ್ಚಿದ. ಸೇಡಂ ರಸ್ತೆಯ ಅಂಗಡಿಗೆ ಹೋಗಿ ಕುಕ್ಕರಿಗೆ ಹೊಸ ಸೀಟಿ ತಂದ. ಚಂದಮ್ಮ ಬೇಳೆ ಇಟ್ಟು ಸೀಟಿ ಹೊಡೆಯುವ ಹೊತ್ತಿಗೆ ಓಡಿಬಂದು ಗ್ಯಾಸ್ ಆರಿಸಿದಳು, ಮಲಗುವ ಕೋಣೆಯ ಕಡೆ ನೋಡಿದಳು. ಗುರುಲಿಂಗಯ್ಯ ಅವಳ ಪಕ್ಕದಲ್ಲೇ ಮಣೆಯ ಮೇಲೆ ಕೂತಿದ್ದ. ನಗಬೇಕೆಂದುಕೊಂಡ. ನಗು ಬರಲಿಲ್ಲ.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಅಡುಗೆಮನೆಯಲ್ಲಿ ಎದುರಿಗೇ ಕೂತ.

“ಏನರ ಮಾತಾಡು ಚಂದಮ್ಮ.”

“ಏನ್ ಮಾತಾಡ್ಲಿರಿ?”

“ಏನರ. ಮನಸ್ಸಿಗಿ ಬಂದದ್ದು.”

ಅವಳು ನಿಜವಾಗಿಯೂ ಯೋಚಿಸಿದಳು. ಸೊಪ್ಪು ಬಿಡಿಸುವ ಕೈ ನಿಂತಿತು. ಹಣೆಯ ಮೇಲೆ ಬೆವರು ಬಂತು. ಬಹಳ ಹೊತ್ತಿನ ಮೇಲೆ “ಚಾ ಇಡ್ಲೇನ್ರಿ?” ಎಂದಳು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದೆ ಕೂತ ಹುಡುಗಿಯ ಮುಖವಿತ್ತು ಅವಳದು. ಗುರುಲಿಂಗಯ್ಯನಿಗೆ ತಾನು ಅವಳನ್ನು ಹಿಂಸೆ ಮಾಡುತ್ತಿದ್ದೇನೆ ಅನ್ನಿಸಿ ಎದ್ದು ಹೊರಗೆ ಹೋದ.

ಮಗಳು ರಾಜೇಶ್ವರಿ ಸುಲೇಪೇಟದಲ್ಲಿ ಶಾಲೆಯ ಮಾಸ್ತರಿಣಿ. ಐದು ವರ್ಷದ ಮಗಳನ್ನು ಕರೆದುಕೊಂಡು ಭಾನುವಾರ ಬಂದಳು. ಗೇಟು ತೆರೆಯುವಾಗ ಗುರುಲಿಂಗಯ್ಯ ಕಿಟಕಿಯಲ್ಲಿ ನೋಡುತ್ತಿದ್ದ. ಹಾದಿಯುದ್ದ ಹರಟುತ್ತ ಬಂದ ಕೂಸು ಶಿವಗಂಗಾ ಹೊಸ್ತಿಲ ಹತ್ತಿರ ಬಂದೊಡನೆ ಚಪ್ಪಲಿ ಕೈಯಲ್ಲಿ ಹಿಡಿದು, ತುಟಿಯ ಮೇಲೆ ಬೆರಳಿಟ್ಟು, ತುದಿಗಾಲಲ್ಲಿ ಒಳಗೆ ಬಂತು. ಅದಕ್ಕೆ ಯಾರೂ ಹೇಳಿರಲಿಲ್ಲ. ತಾಯಿ ನಡೆದಂತೆ ನಡೆಯಿತು, ಅಷ್ಟೇ. ನಲವತ್ತು ಮಕ್ಕಳ ಮೇಲೆ ದನಿ ಏರಿಸಿ ಪಾಠ ಮಾಡುವ ರಾಜೇಶ್ವರಿಯೂ ತುದಿಗಾಲಲ್ಲೇ ಇದ್ದಳು.

ಮಧ್ಯಾಹ್ನ ಮಗಳೊಬ್ಬಳೇ ಸಿಕ್ಕಾಗ ಕೇಳಿದ. “ರಾಜಿ, ಈ ಮನ್ಯಾಗ ಯಾರೂ ಯಾಕ ಬಾಯಿ ಬಿಟ್ಟು ಮಾತಾಡಂಗಿಲ್ಲ?”

ರಾಜೇಶ್ವರಿ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ ತಡವರಿಸಿದಳು. “ಅಪ್ಪಾಜಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಮುಂದ ದನಿ ಬರಂಗಿಲ್ಲ. ಅಂಜಿಕಿ ಅಲ್ರಿ. ನೀವು ಯಾವತ್ತೂ ಬೈದಿಲ್ಲ, ಹೊಡದಿಲ್ಲ. ಗಂಟಲಿಗೇ ರೂಢಿ ಆಗ್ಯದ.”

“ನಿಮ್ಮವ್ವ?”

“ಅವ್ವ ಮಾತಾಡ್ತಾಳಲ್ಲ” ಎಂದಳು ಮಗಳು. “ಹಿತ್ತಲದಾಗ.”

ಅದರ ಅರ್ಥ ಅವನಿಗೆ ತಿಳಿದದ್ದು ನಾಲ್ಕು ದಿನದ ನಂತರ. ಪೆನ್ಷನ್ ಕಾಗದದ ಕೆಲಸಕ್ಕೆ ಬ್ಯಾಂಕಿಗೆ ಹೋದವನು, ಅಲ್ಲಿ ಸಾಹೇಬರು ರಜೆ ಎಂದು ಬೇಗ ಹಿಂದಿರುಗಿದ. ಬಿಸಿಲು ಜಾಸ್ತಿಯೆಂದು ಬೇವಿನ ನೆರಳಿರುವ ಹಿಂದಿನ ಸಂದಿಯಿಂದ ಬಂದ. ಹಿತ್ತಲಲ್ಲಿ ಯಾರೋ ಹೆಂಗಸು ಜೋರಾಗಿ ಮಾತಾಡುತ್ತಿದ್ದಳು. ತುಂಬಿದ, ಸ್ವಲ್ಪ ತುಂಟ ದನಿ. ದಂಡೋತಿಯ ಮದುವೆಯೊಂದರಲ್ಲಿ ಬೀಗರು ಹೋಳಿಗೆ ಸಾಲಲಿಲ್ಲವೆಂದು ಸಿಟ್ಟಾದದ್ದನ್ನು ಅವರ ಹಾಗೇ ಮೂಗಿನಲ್ಲಿ ಮಾತಾಡಿ ತೋರಿಸುತ್ತಿದ್ದಳು. ನಡುನಡುವೆ ರೊಟ್ಟಿ ತಟ್ಟುವ ಸದ್ದು. ಗೋಡೆಯ ಆಚೆಯಿಂದ ಬಿಬಿಜಾನ್ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದಳು. “ಆಮ್ಯಾಗ?” ಆ ಹೆಂಗಸು ಬಾಯಿ ತುಂಬ ನಕ್ಕು ಮತ್ತೆ ಶುರು ಮಾಡುತ್ತಿದ್ದಳು.

ಮನೆಗೆ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡ ಗುರುಲಿಂಗಯ್ಯ. ಸಂದಿಯಲ್ಲಿ ಇಣುಕಿದರೆ ಚಂದಮ್ಮ ಒಬ್ಬಳೇ ಕೂತಿದ್ದಳು.

ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯ ದನಿ ಅವನಿಗೆ ಗುರುತು ಸಿಗಲಿಲ್ಲ. ಅಲ್ಲೇ ಬೇವಿನ ಬುಡದಲ್ಲಿ ನಿಂತ. ಅವಳಿಗೆ ಹೀಗೆ ನಗಲು ಬರುತ್ತದೆ, ಹೀಗೆ ಅಣಕ ಮಾಡಲು ಬರುತ್ತದೆ ಎಂಬುದು ಓಣಿಗೆಲ್ಲ ಗೊತ್ತಿದ್ದಿರಬೇಕು. ಅವನು ಹಿತ್ತಲ ಗೇಟು ದೂಡಿದ. ಚಂದಮ್ಮ ತಿರುಗಿ ನೋಡಿದಳು, ನಗು ಅಲ್ಲೇ ನಿಂತಿತು.

“ಬಂದ್ರೇನ್ರಿ? ಚಾ ಇಡ್ಲಿ?” ಎಂದಳು ಅದೇ ಪಿಸುದನಿಯಲ್ಲಿ.

ಆಮೇಲೆ ಗುರುಲಿಂಗಯ್ಯ ಒಂದು ಕಳ್ಳತನ ಕಲಿತ. ಅರವತ್ತು ವರ್ಷದ ಗಂಡಸು, ಜಂಗಮ, ಮನೆಯಲ್ಲಿ ಯಾರ ಮುಂದೆಯೂ ಸುಳ್ಳು ಹೇಳದವನು, ಮುಂಜಾನೆ ಹತ್ತು ಗಂಟೆಗೆ ಸುಮ್ಮನೆ ಕಣ್ಣು ಮುಚ್ಚಿ ಮಲಗತೊಡಗಿದ. ಚಂದಮ್ಮ ಬಂದು ಬಾಗಿಲು ಅರ್ಧ ಮುಂದೆ ಮಾಡಿ ಹಿತ್ತಲಿಗೆ ಹೋದ ಮೇಲೆ ಎದ್ದು, ಅಡುಗೆಮನೆಯ ಹಿಂಬಾಗಿಲ ಮರೆಗೆ ಬಂದು ನಿಲ್ಲುತ್ತಿದ್ದ. ಆಚೆಯಿಂದ ಬಿಬಿಜಾನ್ ಕೇಳುತ್ತಿದ್ದಳು. “ಅಯ್ನೋರು ಮಲ್ಕೊಂಡ್ರೇನು?” ಈಚೆಯಿಂದ ಇವಳು, ಅವಳನ್ನು ಅಕ್ಕನೆಂದು ಕರೆಯುತ್ತ, “ಮಲ್ಕೊಂಡಾರ ಆಪಾ” ಎನ್ನುತ್ತಿದ್ದಳು. ಆಮೇಲೆ ಮಾತು ಹರಿಯುತ್ತಿತ್ತು. ತನ್ನ ಮೊಣಕಾಲು ನೋವು, ರಾಜಿಗೆ ವರ್ಗವಾಗುವ ಸುದ್ದಿ, ತವರಿನ ಬಾವಿ, ಎಲ್ಲ. ಇಷ್ಟು ದಿನ ತನ್ನ ಮನೆಯಲ್ಲಿ ಏನೇನು ನಡೆದಿದೆ ಎಂದು ಗುರುಲಿಂಗಯ್ಯ ಹಿಂಬಾಗಿಲ ಸಂದಿಯಿಂದ ಕೇಳಿ ತಿಳಿದುಕೊಂಡ.

ಹೀಗೆ ಒಂದು ದಿನ ಬಿಬಿಜಾನ್ ಹೇಳಿದಳು. “ಚಂದಮ್ಮ, ತಾಜುನ್ನಿಸಾ ಬಿಡವಲ್ಳು. ತಾಂಡೂರಿಗಿ ಬಾ ಅಂತ ಗಂಟುಬಿದ್ದಾಳ. ನನ್ನ ಕಣ್ಣೂ ಮಸಕಾಗ್ಯಾವ. ಮುಂದಿನ ತಿಂಗಳ ಹೋಗಬೇಕಂತ ಮಾಡೀನಿ.” ತಾಜುನ್ನಿಸಾ ಅವಳ ಒಬ್ಬಳೇ ಮಗಳು. ಗಂಡ ಕಲ್ಲುಗಣಿಯಲ್ಲಿ ದುಡಿದು ತೀರಿಹೋಗಿ ಹನ್ನೆರಡು ವರ್ಷವಾಗಿತ್ತು.

ಈಚೆ ರೊಟ್ಟಿಯ ಸದ್ದು ನಿಂತಿತು.

“ನಾ ಹೋಗೋದ್ರಾಗ ಅದೊಂದು ಅವರಿಗಿ ಹೇಳಿಬಿಡು” ಎಂದಳು ಬಿಬಿಜಾನ್. “ಎಷ್ಟು ವರ್ಷ ಇಟ್ಕೋತಿ? ಈಗ ಹ್ಯಾಂಗೂ ಮನ್ಯಾಗೇ ಇರ್ತಾರ.”

“ಈಗ ಹೇಳಿ ಏನ್ ಮಾಡೋದು ಆಪಾ” ಎಂದಳು ಚಂದಮ್ಮ. ಅವಳ ದನಿ ಹಿತ್ತಲಲ್ಲೂ ಸಣ್ಣದಾಯಿತು.

ಆ ದಿನದಿಂದ ಗುರುಲಿಂಗಯ್ಯನಿಗೆ ಅನ್ನ ನೀರು ರುಚಿಸಲಿಲ್ಲ. ಏನದು? ರೋಗವೇ? ತನ್ನಿಂದಾದ ತಪ್ಪೇ? ಒಂದು ಸಂಜೆ ಬಾಯಿಬಿಟ್ಟು ಕೇಳಿಯೂ ಕೇಳಿದ. “ನನಗ ಹೇಳದೇ ಇರೋದು ಏನರ ಅದ ಏನ್ ಚಂದಮ್ಮ?” ಅವಳು ಅವನ ಮುಖ ನೋಡಿದಳು. ತುಟಿ ಅಲುಗಿತು. ಆಮೇಲೆ ತಲೆ ತಗ್ಗಿಸಿ “ಏನಿಲ್ರಿ” ಎಂದಳು. ಸುಳ್ಳು ಹೇಳುವವರ ಮುಖವಲ್ಲ ಅದು. ಹೇಳಲು ದಾರಿ ಸಿಗದವರ ಮುಖ.

ಬಿಬಿಜಾನ್ ಹೊರಟ ದಿನ ಅವಳ ಟ್ರಂಕು ಹೊತ್ತು ಸ್ಟೇಷನ್ನಿಗೆ ಹೋದದ್ದು ಗುರುಲಿಂಗಯ್ಯನೇ. ಚಂದಮ್ಮ ಬರಲಿಲ್ಲ. ಮನೆಯ ಬಾಗಿಲಲ್ಲೇ ಇಬ್ಬರೂ ಹೆಂಗಸರು ಕೈ ಹಿಡಿದುಕೊಂಡು ನಿಂತಿದ್ದರು, ಎದುರೆದುರು ನಿಂತಾಗ ಇಬ್ಬರಿಗೂ ಮಾತು ಬರಲಿಲ್ಲ. ಮನೆ ಮಾರುವ ತನಕ ಬೀಗದ ಕೈ ನಿನ್ನ ಹತ್ತಿರ ಇರಲಿ ಎಂದು ಕೊಟ್ಟಳು ಬಿಬಿಜಾನ್. ಚಂದಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂಡಿಸಿ ಗುರುಲಿಂಗಯ್ಯ ತಗ್ಗಿದ ದನಿಯಲ್ಲಿ ಕೇಳಿದ. “ನಿಮ್ಮ ಹಂತ್ಯಾಕ ಒಂದು ಕೇಳ್ಬೇಕಿತ್ತು. ಆಕಿ ಮನಸ್ಸಿನ್ಯಾಗ ಏನದ? ನನಗ ಹೇಳವಲ್ಳು.”

ಬಿಬಿಜಾನ್ ಹಳಿಗಳ ಕಡೆ ಮುಖ ತಿರುಗಿಸಿದಳು. “ನಾ ಹೇಳಂಗಿಲ್ಲ ಅಯ್ನೋರ. ಅದು ಆಕಿ ಮಾತು. ಆಕೀನೇ ಹೇಳ್ಬೇಕು.”

“ನಾ ಕೇಳಿದ್ರ ಬಾಯೇ ಬಿಡಂಗಿಲ್ಲಲ್ಲ.”

“ನೀವು ಮುಖ ನೋಡಿ ಕೇಳ್ತೀರಿ” ಎಂದಳು. “ನಾ ಇಷ್ಟು ವರ್ಷ ಆಕಿ ಮುಖ ನೋಡಿ ಕೇಳಿಲ್ರಿ. ಗ್ವಾಡಿ ನೋಡಿ ಕೇಳೀನಿ.”

ಗಾಡಿ ಬಂತು. ಚಿತ್ತಾಪುರ, ಸೇಡಂ ದಾಟಿ ತಾಂಡೂರಿಗೆ ಹೋಗುವ ಗಾಡಿ. ಅವಳನ್ನು ಹತ್ತಿಸಿ ಅದು ಕಣ್ಮರೆಯಾಗುವ ತನಕ ಅವನು ನಿಂತಿದ್ದ. ಮನೆಯಲ್ಲಿದ್ದ ತನ್ನ ಹೆಂಡತಿಯ ದನಿಯನ್ನೂ ಆ ಗಾಡಿಯೇ ಒಯ್ದಿತೆಂದು ಅವನಿಗೆ ಆಗ ಹೊಳೆದಿರಲಿಲ್ಲ.

ಹೊಳೆಯಲು ಎರಡು ದಿನ ಸಾಕಾಯಿತು. ಹತ್ತು ಗಂಟೆಗೆ ಎಂದಿನಂತೆ ಮಲಗಿ, ಎದ್ದು, ಹಿಂಬಾಗಿಲಿಗೆ ಬಂದು ನಿಂತ. ಹಿತ್ತಲಲ್ಲಿ ರೊಟ್ಟಿಯ ಸದ್ದಷ್ಟೇ ಇತ್ತು. ನಡುವೆ ಚಂದಮ್ಮ ತಲೆಯೆತ್ತಿ ಗೋಡೆಯ ಕಡೆ ನೋಡಿ, ಏನೋ ಹೇಳಲು ಹೋಗಿ, ನೆನಪಾಗಿ ಸುಮ್ಮನಾಗುತ್ತಿದ್ದಳು. ದಿನ ಕಳೆದಂತೆ ನೋಡುವುದನ್ನೂ ಬಿಟ್ಟಳು. ಅವಳ ಊಟ ಕಡಿಮೆಯಾಯಿತು. ರಾಜಿ ಫೋನ್ ಮಾಡಿದರೆ “ಹೂಂ, ಆರಾಮ” ಎಂದು ಇಡುತ್ತಿದ್ದಳು. ಮೊದಲು ಅವನು ಮಲಗಿದ ಮೇಲಾದರೂ ಹಿತ್ತಲಲ್ಲಿ ಮಾತಾಡುತ್ತಿದ್ದ ಮನೆ ಈಗ ಅವನು ಮಲಗಿದರೂ ಸುಮ್ಮನೇ ಇತ್ತು. ಆರು ಗಂಟೆಗೆ, ಎರಡು ಗಂಟೆಗೆ, ರಾತ್ರಿ ಹತ್ತಕ್ಕೆ ಕಾರ್ಖಾನೆಯ ಭೋಂಗಾ ಕೂಗಿದಾಗ ಮಾತ್ರ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತಿದ್ದರು. ಚಂದಮ್ಮನ ಕೈ ಬುತ್ತಿಯ ಡಬ್ಬಿಗೆ ಹೋಗಿ ಹಿಂದೆ ಬರುತ್ತಿತ್ತು.

ಗುರುಲಿಂಗಯ್ಯನಿಗೆ ಹೆದರಿಕೆಯಾಯಿತು. ಕಿಲನ್ನಿನಲ್ಲಿ ಬೆಂಕಿಯ ಬಣ್ಣ ಕೆಂಪಿಗೆ ತಿರುಗಿದರೆ ಅದು ತಣಿಯುತ್ತಿದೆ ಎಂದರ್ಥ, ಕೂಡಲೇ ಏನಾದರೂ ಮಾಡಬೇಕು. ಇಲ್ಲಿ ಏನು ಮಾಡಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ. ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡೇ ಇವಳು ಹೋಗಿಬಿಟ್ಟರೆ ಎಂಬ ಯೋಚನೆ ಒಮ್ಮೆ ಬಂತು, ಬಂದದ್ದು ಹೋಗಲಿಲ್ಲ.

ಒಂದು ತಿಂಗಳು ಹೀಗೇ ಕಳೆದ ಮೇಲೆ, ಒಂದು ಮುಂಜಾನೆ ಚಂದಮ್ಮ ಸ್ನಾನಕ್ಕೆ ಹೋದಾಗ ಮೊಳೆಗೆ ತೂಗುಹಾಕಿದ್ದ ಬಿಬಿಜಾನಳ ಬೀಗದ ಕೈ ತೆಗೆದುಕೊಂಡ. ಹತ್ತು ಗಂಟೆಗೆ ಹಾಸಿಗೆಯ ಮೇಲೆ ಮಲಗಿದ. ಬಾಗಿಲು ಅರ್ಧ ಮುಂದಾಯಿತು. ಅವಳು ಹಿತ್ತಲಿಗೆ ಹೋದದ್ದು ತಿಳಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದ ಹೊರಬಿದ್ದ. ಎಣ್ಣೆ ಉಂಡ ಚಿಲಕ ಸದ್ದು ಮಾಡಲಿಲ್ಲ.

ಬಿಬಿಜಾನಳ ಮನೆಯ ಬೀಗ ತೆಗೆದು, ಖಾಲಿ ಕೋಣೆ ದಾಟಿ ಹಿತ್ತಲಿಗೆ ಬಂದ. ಒಲೆಯಲ್ಲಿ ತಣ್ಣಗಿನ ಬೂದಿ. ಗೋಡೆಯ ಬುಡದಲ್ಲಿ ಅವಳು ಕೂರುತ್ತಿದ್ದ ಚಪ್ಪಡಿ ಕಲ್ಲು ಸವೆದು ನುಣುಪಾಗಿತ್ತು. ಗುರುಲಿಂಗಯ್ಯ ಅದರ ಮೇಲೆ ಮೆಲ್ಲಗೆ ಕೂತ. ಆಚೆ ರೊಟ್ಟಿ ತಟ್ಟುವ ಸದ್ದು. ಕೈ ಮುಂದೆ ಮಾಡಿದರೆ ಗೋಡೆ.

ಆ ಸದ್ದನ್ನೇ ಕೇಳುತ್ತ ಕೂತ. ಕೊನೆಗೆ ಅವನ ಒರಟು ಗಂಟಲಿನಿಂದ ಬಿಬಿಜಾನಳ ಮಾತು ಹೊರಟಿತು.

“ಅಯ್ನೋರು ಮಲ್ಕೊಂಡ್ರೇನು?”

ರೊಟ್ಟಿಯ ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ಎದ್ದು ನಿಂತು ಗೋಡೆಯ ಮೇಲಿಂದ ನೋಡಿದರೆ ಎಲ್ಲ ಮುಗಿಯಿತು ಎಂದುಕೊಂಡು ಅವನು ಕಣ್ಣು ಮುಚ್ಚಿದ. ಚಂದಮ್ಮ ಏಳಲಿಲ್ಲ.

“ಮಲ್ಕೊಂಡಾರ” ಎಂದಳು ಕೊನೆಗೆ.

ಅವನು ಕಾದ. ಆಚೆಯಿಂದ ಬಂದ ದನಿ ಪಿಸುಗುಟ್ಟುವುದಾಗಿರಲಿಲ್ಲ, ನಗೆಯದೂ ಆಗಿರಲಿಲ್ಲ. ಅದು ಅವನು ಕೇಳದ ಮೂರನೆಯ ದನಿ.

“ರಾಜಿ ನಾಕು ವರ್ಷದಾಕಿ ಇದ್ಳು. ನನಗ ಮತ್ತ ದಿನ ನಿಂತಿದ್ವು. ಅವರಿಗಿ ಹೇಳ್ಬೇಕಂತ ವಾರದ ರಜಾ ಕಾಯ್ಕೋತ ಕುಂತೆ. ಅವರ ರಜಾ ಮಂಗಳವಾರ ಇರ್ತಿತ್ತು. ಎಚ್ಚರ ಇದ್ದಾಗ ಹೇಳ್ಬೇಕು, ಅವರ ಮುಖ ನೋಡ್ಬೇಕು ಅಂತ ಆಸೆ ನನಗ.”

“ಆಮ್ಯಾಗ?”

“ಆ ಮಂಗಳವಾರ ಡಬಲ್ ಡ್ಯೂಟಿ ಬಂತು. ಕಿಲನ್ ಬಂದ್ ಮಾಡಿ ಒಳಗಿನ ಇಟ್ಟಂಗಿ ಬದಲಿ ಮಾಡ್ಲಿಕತ್ತಿದ್ರಂತ. ಮುಂದಿನ ಮಂಗಳವಾರನೂ ಹಂಗೇ ಆಯ್ತು. ಹಂಗೇ ಮೂರು ತಿಂಗಳ ತುಂಬ್ತು. ಮ್ಯಾಲಿನ ಮಂಗಳವಾರಕ್ಕ ಹೇಳ್ಲಿಕ್ಕ ಏನೂ ಉಳಿದಿರಲಿಲ್ಲ.”

ಗುರುಲಿಂಗಯ್ಯನ ಎರಡೂ ಅಂಗೈ ಗೋಡೆಯ ಕಲ್ಲಿನ ಮೇಲಿದ್ದವು. ಬಿಸಿಲಿಗೆ ಕಲ್ಲು ಕಾದಿತ್ತು, ಅವನು ತೆಗೆಯಲಿಲ್ಲ. ತನಗೆ ಗೊತ್ತಿದ್ದ ಒಂದೇ ಮಾತು ಹೇಳಿದ.

“ಆಮ್ಯಾಗ?”

“ಮುಂಜಾನಿ ಹೊಟ್ಟಿ ನೋವು ಎದ್ದದ್ದು ನಿಂದ್ರಲಿಲ್ಲ. ಇದೇ ಗ್ವಾಡಿ ಹಿಡಕೊಂಡು ಆಪಾನ ಕರದೆ. ರಾಜೀನ್ನ ತಾಜುನ್ನಿಸಾನ ಹಂತ್ಯಾಕ ಬಿಟ್ಟು, ಪ್ಯಾಸೆಂಜರ್ ಗಾಡ್ಯಾಗ ಶಹಾಬಾದ ದವಾಖಾನಿಗಿ ಹೋದ್ವಿ. ಡಾಕ್ಟರಬಾಯಿ ಎಲ್ಲಾ ಮುಗದದ ಅಂದ್ರು. ಸಂಜಿಕ ತಿರುಗಿ ಬಂದ್ವಿ. ಅವರು ಮಲ್ಕೊಂಡಿದ್ರು. ಖೋಲಿ ಬಾಗಲ ತನಕ ಹೋದೆ. ಕೈ ಚಾಚಿದ್ರ ಕಾಲು ಸಿಗ್ತಿತ್ತು. ಎಬ್ಬಿಸಲಿಲ್ಲ.”

“ಯಾಕ?” ಎಂದ. ಬಿಬಿಜಾನ್ ಹೀಗೆ ಕೇಳುತ್ತಿರಲಿಲ್ಲ. ಅದು ಅವನದೇ ಮಾತು.

“ಎಬ್ಬಿಸಬ್ಯಾಡ ಅಂದಿದ್ರಲ್ಲ” ಎಂದಳು ಚಂದಮ್ಮ. ಆರೋಪವಿರಲಿಲ್ಲ ಆ ದನಿಯಲ್ಲಿ, ನಡೆದದ್ದನ್ನು ಹೇಳುವ ರೀತಿಯಿತ್ತು. “ನಿದ್ದಿ ಕೆಟ್ರ ಮಂದಿ ಜೀವ ಹೋಗ್ತದ ಅಂದಿದ್ರು. ಹೋಗೋದು ಒಂದು ಹೋಗಿತ್ತು. ಇನ್ನೊಬ್ಬರದು ಯಾಕ ಹೋಗ್ಬೇಕು ಅಂತ ಸುಮ್ನಾದೆ.”

ಗುರುಲಿಂಗಯ್ಯ ಹಣೆಯನ್ನು ಗೋಡೆಗೆ ಒತ್ತಿ ಹಿಡಿದ. ಆ ಸಂಜೆಯನ್ನು ನೆನಪಿಗೆ ತರಲು ನೋಡಿದ. ಅವಳ ಮುಖ ಹೇಗಿತ್ತು, ನಡೆಯಲು ಆಗುತ್ತಿತ್ತೋ ಇಲ್ಲವೋ, ಬುತ್ತಿಯಲ್ಲಿ ಏನಿತ್ತು. ಒಂದೂ ಬರಲಿಲ್ಲ. ಆ ತಿಂಗಳು ಕಿಲನ್ ಮತ್ತೆ ಹೊತ್ತಿಸಿದಾಗ ಬೆಂಕಿಯ ಬಣ್ಣ ಹೇಗಿತ್ತೆಂದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಎದ್ದು ಗೋಡೆ ಸುತ್ತಿ ಬಂದು ಅವಳ ಎದುರು ಕೂರಬೇಕೆಂದು ಬಹಳ ಅನ್ನಿಸಿತು. ಕೂತರೆ ಅವಳು ಚಹಾ ಇಡಲೇ ಎಂದು ಕೇಳುತ್ತಾಳೆ. ಅದಕ್ಕೇ ಅಲ್ಲೇ ಕೂತ.

ಇನ್ನೊಮ್ಮೆ ಕೇಳಿದ.

“ಆಮ್ಯಾಗ?”

ಆಚೆ ಅವಳು ಸೀದ ರೊಟ್ಟಿಯನ್ನು ಹೆಂಚಿನಿಂದ ತೆಗೆದಳು. ಹಿಟ್ಟಿನ ಹೊಸ ಉಂಡೆ ಹಿಡಿದಳು.

“ಆಮ್ಯಾಗ ಏನದರಿ” ಎಂದಳು. “ಭೋಂಗಾ ಆಯ್ತು. ನೀವು ಎದ್ರಿ. ಬುತ್ತಿ ಕೊಟ್ಟೆ.”

ಅವಳು ಮತ್ತೆ ರೊಟ್ಟಿ ತಟ್ಟತೊಡಗಿದಳು. ಆ ಸದ್ದು ಮುಗಿಯುವ ತನಕ ಗುರುಲಿಂಗಯ್ಯ ಬಿಬಿಜಾನಳ ಕಲ್ಲಿನ ಮೇಲಿಂದ ಏಳಲಿಲ್ಲ.